ನಮ್ಮವಳ ಫೋಟೋ ನಮ್ಮ ಪೇಪರಿನಲ್ಲಿ

ಪ್ರೆಸ್ಸಿನಲ್ಲಿ ಕೆಲಸ ಮಾಡಿದವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದಾಗೇ ಬರುತ್ತದೆ. ಮಸಿ ಮೆತ್ತಿದ ಕೈಯಲ್ಲಿ ಕಣ್ಣು ಒರೆಸಿಕೊಂಡರೆ ಮುಖ ಹೇಗಾಗುತ್ತೆ, ಹಾಗೆ. ಅಳುತ್ತಾ ನಿಂತವನನ್ನೂ ನೋಡಿ ಜನ ನಗುತ್ತಾರೆ.

ನಾನು ಶಿವಮೊಗ್ಗದ ಒಂದು ಸಂಜೆ ಪತ್ರಿಕೆಯಲ್ಲಿ ಮಿಷನ್ ಓಡಿಸುತ್ತಿದ್ದವನು. ಓದಿದ್ದು ಕಮ್ಮಿ. ನಮ್ಮವಳು ಅದೇ ಪ್ರೆಸ್ಸಿಗೆ ಪೇಪರ್ ಮಡಿಸುವುದಕ್ಕೆ ಬರುತ್ತಿದ್ದಳು. ನಾನು ಅಚ್ಚು ಹಾಕಿದ್ದನ್ನ ಅವಳು ಮಡಿಸುತ್ತಿದ್ದಳು. ಮನೆಯಲ್ಲೂ ಅಷ್ಟೇ. ನಾನು ಬಿಚ್ಚಿ ಎಸೆದಿದ್ದನ್ನ ಅವಳು ಮಡಿಸುತ್ತಿದ್ದಳು.

ಹೋದ ವರ್ಷ ತೀರಿಕೊಂಡಳು. ನಮಗೆ ಮಕ್ಕಳಿಲ್ಲ. ವಿದ್ಯಾನಗರದ ಮನೆಯಲ್ಲಿ ಈಗ ನಾನೊಬ್ಬನೇ. ಬಟ್ಟೆ ಬಿಚ್ಚಿದ ಕಡೆಯೇ ಇರುತ್ತೆ.

ಅವಳು ಒಂದು ಮಾತು ಆಗಾಗ ಹೇಳುತ್ತಿದ್ದಳು. "ಊರಿನವರ ಮುಖ ಎಲ್ಲಾ ಮಡಿಸಿ ಆಯ್ತು ಮಾರಾಯ್ರೆ. ನನ್ನ ಮುಖ ಒಂದು ದಿನ ಬರಲಿಲ್ಲ ನೋಡಿ ನಿಮ್ಮ ಪೇಪರಲ್ಲಿ."

ಈಗ ವರ್ಷದ ದಿನ ಹತ್ತಿರ ಬಂತು. ಅವತ್ತು ಅವಳ ಫೋಟೋ ನಮ್ಮ ಪೇಪರಿನಲ್ಲಿ ಬರಬೇಕು. ಚೆನ್ನಾಗಿ ಬರಬೇಕು. ನನಗಿದ್ದ ಆಸೆ ಅಷ್ಟೇ. ಅದರ ಹಿಂದೆ ಓಡಾಡುವಾಗ ಹಳೇದು ಒಂದೊಂದೇ ನೆನಪಾಯಿತು. ಬಂದ ಹಾಗೆ ಬರೆದಿದ್ದೀನಿ.

ವಯಸ್ಸಾಗದ ಮುಖಂಡರು

ಮೊದಲು ಫೋಟೋ ಹುಡುಕಬೇಕಿತ್ತು. ಟ್ರಂಕ್ ತೆಗೆದೆ. ಈಗಿನವರ ಹತ್ತಿರ ಫೋನ್ ತುಂಬಾ ಫೋಟೋ. ಆಗ ಹಾಗಿರಲಿಲ್ಲ. ಪೇಪರಿನಲ್ಲಿ ಫೋಟೋ ಬರಬೇಕು ಅಂದರೆ ಬ್ಲಾಕ್ ಮಾಡಿಸಬೇಕು. ಅಂದರೆ ಸತುವಿನ ತಗಡಿನ ಮೇಲೆ ಮುಖ ಕೊರೆಸಿ, ಅದನ್ನ ಮರದ ತುಂಡಿಗೆ ಹೊಡೆದು ತರಬೇಕು. ನಮ್ಮೂರಲ್ಲಿ ಮಾಡುವವರಿಲ್ಲ. ಹಾಗಾಗಿ ಒಬ್ಬರ ಮುಖ ಒಂದು ಸಲ ಮಾಡಿಸಿದರೆ ಆಯ್ತು. ಅವರು ಗೆದ್ದರೂ ಅದೇ ಬ್ಲಾಕು, ಸೋತರೂ ಅದೇ.

ಒಬ್ಬ ದೊಡ್ಡ ಮುಖಂಡರದು ಹಾಗೇ ಒಂದು ಬ್ಲಾಕ್ ಇತ್ತು. ತಲೆ ತುಂಬಾ ಕಪ್ಪು ಕೂದಲು. ಚೂಪು ಮೀಸೆ. ವರ್ಷಗಟ್ಟಲೆ ಅದನ್ನೇ ಹಾಕಿದೆವು. ಊರಿನವರಿಗೆ ಅವರ ಮುಖ ಅಂದರೆ ಅದೇ.

ಒಂದು ಸಲ ಅವರು ರೈಲಿನಲ್ಲಿ ಶಿವಮೊಗ್ಗಕ್ಕೆ ಬಂದರು. ಸ್ವಾಗತ ಸಮಿತಿಗೆ ನಮ್ಮ ಪ್ರೆಸ್ ಯಜಮಾನರೇ ಅಧ್ಯಕ್ಷರು. ಆರತಿ ತಟ್ಟೆ ಹಿಡಿಯಲು ನಮ್ಮವಳನ್ನ ಕರೆದುಕೊಂಡು ಹೋಗಿದ್ದರು. ಜೊತೆಗೆ ನಾನೂ ಹೋಗಿದ್ದೆ.

ರೈಲು ನಿಂತಿತು. ಬಾಗಿಲಲ್ಲಿ ಒಬ್ಬರು ಬೋಳು ತಲೆಯ ಅಜ್ಜ. ಕೈಯಲ್ಲಿ ಚೀಲ.

"ಅಜ್ಜ, ಸ್ವಲ್ಪ ಬೇಗ ಇಳೀರಿ. ಹಿಂದೆ ಲೀಡರ್ ಬರ್ತಿದಾರೆ" ಅಂದರು ಯಜಮಾನರು. ಕೈ ಹಿಡಿದು ಇಳಿಸಿ ಪಕ್ಕಕ್ಕೆ ನಿಲ್ಲಿಸಿದರು.

ಅಜ್ಜನ ಹಿಂದೆ ಇನ್ನೊಬ್ಬ ಇಳಿದ. ಕಪ್ಪು ಕೂದಲು. ಚೂಪು ಮೀಸೆ. ಜೈಕಾರ ಹಾಕಿದರು. ಹಾರದ ಮೇಲೆ ಹಾರ ಬಿತ್ತು. ಹಾರದ ಒಳಗಿಂದ ಅವನು ಏನೋ ಹೇಳುತ್ತಿದ್ದ. ಜೈಕಾರದಲ್ಲಿ ಯಾರಿಗೂ ಕೇಳಿಸಲಿಲ್ಲ. ಆಮೇಲೆ ಗೊತ್ತಾಯಿತು, ಅವನು ಔಷಧಿ ಕಂಪನಿಯವನು. ಡಾಕ್ಟರುಗಳಿಗೆ ಮಾತ್ರೆ ತೋರಿಸಲು ಬಂದಿದ್ದ.

ಈ ಕಡೆ ಅಜ್ಜ ಒಬ್ಬರೇ ನಿಂತಿದ್ದರು. ನಮ್ಮವಳಿಗೆ ಯಾಕೋ ಅಯ್ಯೋ ಅನ್ನಿಸಿತಂತೆ. "ತಟ್ಟೆ ಹೇಗೂ ಕೈಯಲ್ಲಿದೆ" ಅಂತ ಅವರಿಗೇ ಆರತಿ ಎತ್ತಿಬಿಟ್ಟಳು. ನಮ್ಮ ಯಜಮಾನರ ಮಾನ ಉಳಿದಿದ್ದು ಅದರಿಂದಲೇ.

ಯಜಮಾನರು ಆ ಅಜ್ಜನಿಗೇ ಕೈ ಮುಗಿದರು. "ತಪ್ಪಾಯ್ತು ಸಾರ್. ನಾಳೆನೇ ಹೊಸ ಬ್ಲಾಕ್ ಮಾಡಿಸ್ತೀನಿ."

"ಬೇಡ ಕಣ್ರೀ!" ಅಂದರು ಮುಖಂಡರು, ತಲೆ ಸವರಿಕೊಳ್ಳುತ್ತಾ. "ಎಲೆಕ್ಷನ್ ಹತ್ತಿರ ಇದೆ. ಹಳೇದೇ ಇರಲಿ."

ಮಾರನೇ ದಿನ ಸುದ್ದಿ ಬಂತು. ಅದೇ ಕಪ್ಪು ಕೂದಲಿನ ಬ್ಲಾಕು. ಆ ಔಷಧಿಯವನು ಪ್ರೆಸ್ಸಿಗೆ ಹುಡುಕಿಕೊಂಡು ಬಂದು ಒಂದು ಕಟ್ಟು ಪೇಪರ್ ತಗೊಂಡು ಹೋದ. ಊರಿಗೆ ಅಮ್ಮನಿಗೆ ಕಳಿಸಬೇಕಂತೆ.

ಕುಂಕುಮ

ಟ್ರಂಕಿನಲ್ಲಿ ಅವಳ ಫೋಟೋ ಒಂದೇ ಸಿಕ್ಕಿತು. ಭದ್ರಾವತಿಯ ನ್ಯೂ ಟೌನಿನಲ್ಲಿ ಅವಳ ತಂಗಿ ಇದ್ದಾಳೆ. ತಂಗಿಯ ಗಂಡ ಉಕ್ಕಿನ ಕಾರ್ಖಾನೆಯಲ್ಲಿ ಇದ್ದರು. ಅವರ ಮನೆಯ ಹಬ್ಬದಲ್ಲಿ ತೆಗೆದ ಫೋಟೋ. ಹಣೆಯಲ್ಲಿ ಅಗಲ ಕುಂಕುಮ. ಅದನ್ನ ನೋಡಿ ಆಯುಧಪೂಜೆ ನೆನಪಾಯಿತು.

ಆಯುಧಪೂಜೆ ದಿನ ಪ್ರೆಸ್ಸಿನಲ್ಲಿ ಪೂಜೆ ಮಾಡುತ್ತಿದ್ದದ್ದು ಅವಳೇ. ಪೇಜು ಕಟ್ಟಿ ಮಿಷನ್ ಮೇಲೆ ಏರಿಸಿರುತ್ತಿದ್ದೆವು. ಪೂಜೆ ಆಯಿತೋ, ಶಾಸ್ತ್ರಕ್ಕೆ ಮಿಷನ್ ತಿರುಗಿಸಿ ಅವತ್ತಿನ ಪೇಪರ್ ಶುರು. ಅವಳು ಎಣ್ಣೆಯಲ್ಲಿ ಕುಂಕುಮ ಕಲಸಿಕೊಂಡು ರೋಲರಿಗೆ, ಚಕ್ರಕ್ಕೆ, ಮಸಿ ಡಬ್ಬಕ್ಕೆ ಎಲ್ಲಕ್ಕೂ ಇಡುತ್ತಿದ್ದಳು. ಅಷ್ಟೂ ಸರಿ.

ಒಂದು ವರ್ಷ ಪೇಜಿನ ಮಧ್ಯೆ ಒಂದು ಬ್ಲಾಕ್ ಇತ್ತು. ಹೆಂಗಸಿನ ಮುಖ. ಹಣೆ ಖಾಲಿ. ಇವಳು ನೋಡಿದಳು. ಹಬ್ಬದ ದಿನ, ಹೆಣ್ಣುಮಗಳು, ಖಾಲಿ ಹಣೆ. ಒಂದು ಬೊಟ್ಟು ದಪ್ಪಗೆ ಇಟ್ಟೇಬಿಟ್ಟಳು.

ಅದು ಎಲೆಕ್ಷನ್ನಿನಲ್ಲಿ ಗೆದ್ದಿದ್ದ ಒಬ್ಬ ಅಮ್ಮನವರ ಮುಖ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ನಾನು ಮಿಷನ್ ತಿರುಗಿಸಿದೆ. ಪೇಪರ್ ಬಂತು. ಆ ಅಮ್ಮನವರ ಹಣೆಯಲ್ಲಿ ಕುಂಕುಮ ಫಳಫಳ ಅಂತಿದೆ. ಕುಂಕುಮ ತೀರುವವರೆಗೂ ಬಂದ ಪೇಪರೆಲ್ಲ ಹಾಗೇ. ನಾವು ಹಬ್ಬದ ಗಲಾಟೆಯಲ್ಲಿ ನೋಡಲಿಲ್ಲ. ಪೇಪರ್ ಊರು ಸೇರಿತು.

ಮಾರನೇ ದಿನ ಬೆಳಿಗ್ಗೆ ಅಮ್ಮನವರು ಪ್ರೆಸ್ಸಿಗೇ ಬಂದರು. ಕೈಯಲ್ಲಿ ಪೇಪರ್. ದೂರದಿಂದ ನೋಡಿದ ಯಜಮಾನರು ಪೇಪರ್ ಬಂಡಲುಗಳ ಹಿಂದೆ ಹೋಗಿ ಕೂತರು. "ನಾನಿಲ್ಲ ಅಂತ ಹೇಳೋ" ಅಂತ ಅಲ್ಲಿಂದಲೇ ಪಿಸುಗುಟ್ಟಿದರು. ಅವರ ಚಪ್ಪಲಿ ಹೊರಗೇ ಇತ್ತು.

ಅಮ್ಮನವರು ಒಳಗೆ ಬಂದು ಪೇಪರ್ ಬಿಡಿಸಿದರು. "ಇದನ್ನ ಇಟ್ಟವರು ಯಾರು?"

ನಮ್ಮವಳು ಎದ್ದು ನಿಂತಳು. ಸೆರಗು ಬಾಯಿಗೆ ಹೋಗಿತ್ತು. "ನಾನೇ ಅಮ್ಮಾ. ಗೊತ್ತಾಗಲಿಲ್ಲ. ಹಬ್ಬ ಅಂತ ಇಟ್ಟೆ."

ಅಮ್ಮನವರು ಅವಳನ್ನ ನೋಡಿದರು. ಪೇಪರ್ ನೋಡಿದರು. ಮತ್ತೆ ಅವಳನ್ನ ನೋಡಿದರು.

"ನನ್ನ ಮನೆಗೆ ಬಂದ ಪೇಪರಲ್ಲಿ ಮಾತ್ರ ಇದೆ. ಪಕ್ಕದ ಮನೆಯವರದ್ದರಲ್ಲಿ ಇಲ್ಲ" ಅಂದರು. "ಇಟ್ಟ ಮೇಲೆ ಎಲ್ಲದಕ್ಕೂ ಇಡೋಕೆ ಏನಾಗಿತ್ತೇ ಮಾರಾಯ್ತಿ?"

ಹೊಸ ಮಿಷನ್

ಫೋಟೋ ತಗೊಂಡು ಮಾಚೇನಹಳ್ಳಿಗೆ ಬಸ್ ಹತ್ತಿದೆ. ನಮ್ಮ ಪ್ರೆಸ್ ಈಗ ಅಲ್ಲಿದೆ. ಆಫ್‌ಸೆಟ್ ಮಿಷನ್ ತಂದಾಗ ಊರೊಳಗೆ ಜಾಗ ಸಾಲದೆ ಅಲ್ಲಿಗೆ ಹೋಗಿದ್ದು. ಬಸ್ಸಿಳಿದು ಶೆಡ್ ನೋಡಿದಾಗೆಲ್ಲ ನನಗೆ ಅದರ ಉದ್ಘಾಟನೆ ನೆನಪಾಗುತ್ತೆ.

ಹಳೇ ಸಿಲಿಂಡರ್ ಮಿಷನ್ನನ್ನೂ ಯಜಮಾನರು ಅಲ್ಲಿಗೆ ಸಾಗಿಸಿದ್ದರು. ಗೋಡೆಯ ಹಿಂದೆ ನಿಲ್ಲಿಸಿದ್ದರು. ಹೊಸದರ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಉದ್ಘಾಟನೆ ದಿನದ ಪೇಜನ್ನ ಸುಮ್ಮನೆ ಇರಲಿ ಅಂತ ಅಚ್ಚಿನ ಮೊಳೆ ಜೋಡಿಸಿ ಹಳೇದಕ್ಕೂ ಏರಿಸಿಟ್ಟಿದ್ದರು.

ಉದ್ಘಾಟನೆಗೆ ಒಬ್ಬ ದೊಡ್ಡ ಮನುಷ್ಯರು ಬಂದರು. ಭಾಷಣ ಆಯಿತು. ಹಸಿರು ಬಟನ್ ಒತ್ತಿದರು. ಒತ್ತುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿ ಹೋಯಿತು.

ಯಜಮಾನರು ನನ್ನ ಮುಖ ನೋಡಿದರು. ನಾನು ಗೋಡೆಯ ಹಿಂದೆ ಓಡಿದೆ. ಅಲ್ಲಿ ನನ್ನ ಜೊತೆಗಾರ ಇದ್ದ. ಭದ್ರಾವತಿಯ ತಮಿಳಿನವನು, ಗಟ್ಟಿ ಆಳು. ಹಳೇ ಮಿಷನ್ನಿಗೆ ದೊಡ್ಡ ಕೈಚಕ್ರ ಇತ್ತು. ಅವನು ತಿರುಗಿಸಿದ. ನಾನು ಹಾಳೆ ಕೊಟ್ಟೆ. ನಮ್ಮವಳು ತೆಗೆದು ಮಡಿಸಿದಳು. ಧಡ್ ಧಡ್ ಅಂತ ಸದ್ದು ಶುರುವಾಯಿತು.

ಆ ಕಡೆ ಚಪ್ಪಾಳೆ ಬಿತ್ತು.

"ಮಿಷನ್ ಅಲ್ಲಾಡ್ತಾನೇ ಇಲ್ವಲ್ರೀ?" ಅಂದರು ದೊಡ್ಡ ಮನುಷ್ಯರು.

"ಹೊಸದು ಸಾರ್. ಎಲ್ಲಾ ಒಳಗೊಳಗೇ" ಅಂದರು ಯಜಮಾನರು.

"ಫ್ಯಾನೂ ನಿಂತಿದೆ?"

"ಕರೆಂಟೆಲ್ಲಾ ಮಿಷನ್ನೇ ಎಳ್ಕೊಳ್ತಿದೆ ಸಾರ್. ಪೇಪರ್ ಆ ಬಾಗಿಲಿಂದ ಬರುತ್ತೆ, ನೋಡ್ತಿರಿ."

ಬಾಗಿಲಿಂದ ನಮ್ಮವಳು ಬಂದಳು. ತಟ್ಟೆಯಲ್ಲಿ ಅರಿಶಿನ ಕುಂಕುಮ, ಹೂವು, ಮೇಲೆ ಬಿಸಿಬಿಸಿ ಪೇಪರ್. ದೊಡ್ಡ ಮನುಷ್ಯರು ಒಂದು ತೆಗೆದುಕೊಂಡರು. ಮೂಸಿದರು. ಬೆಳಕಿಗೆ ಹಿಡಿದರು.

"ಆಹಾ! ಏನು ಅಚ್ಚು! ಮುತ್ತು ಪೋಣಿಸಿದ ಹಾಗಿದೆ. ನಿಮ್ಮ ಹಳೇ ಡಬ್ಬಾ ಮಿಷನ್ನಲ್ಲಿ ಇಂಥದ್ದು ಬರ್ತಿತ್ತೇನ್ರೀ?"

"ಎಲ್ಲಿಂದ ಸಾರ್!" ಅಂದರು ಯಜಮಾನರು.

ನಮ್ಮವಳು ಹಿಂದಕ್ಕೆ ಬಂದಳು. ನನ್ನ ಜೊತೆಗಾರ ಚಕ್ರಕ್ಕೆ ಒರಗಿಕೊಂಡು ಏದುಸಿರು ಬಿಡುತ್ತಿದ್ದ. ಅಂಗಿ ಒದ್ದೆ.

"ಏನಂದ್ರಕ್ಕಾ?" ಅಂತ ಕೇಳಿದ.

"ಹೊಸ ಮಿಷನ್ ಭಾಳ ಚೆನ್ನಾಗಿದೆಯಂತಪ್ಪ" ಅಂದಳು ಅವಳು. "ಸ್ವಲ್ಪ ಬೆವರುತ್ತೆ, ಅಷ್ಟೇ."

ಬಿಳಿ ಬೇಡ

ಆ ಯಜಮಾನರು ಈಗಿಲ್ಲ. ಅವರ ಮಗ ನೋಡಿಕೊಳ್ಳುತ್ತಾರೆ. ಅವರು ನನ್ನ ಕೈಯಿಂದ ಫೋಟೋ ಇಸ್ಕೊಂಡು ನೋಡಿದರು. "ನಮ್ಮಕ್ಕಂಗೆ ಜಾಗ ಇಲ್ಲ ಅನ್ನೋಕಾಗುತ್ತಾ? ಮೊದಲನೇ ಪೇಜಲ್ಲಿ, ಕಲರಲ್ಲೇ ಬರಲಿ" ಅಂದರು. ಕಂಪ್ಯೂಟರ್ ಮಾಡುವ ಹೆಣ್ಣುಮಗಳ ಹತ್ತಿರ ಕಳಿಸಿದರು.

ಆ ಹೆಣ್ಣುಮಗಳು ಪಟಪಟ ಅಂತ ಏನೋ ಒತ್ತಿದಳು. ಪರದೆಯ ಮೇಲೆ ಫೋಟೋ ಬಂತು. ಇನ್ನೂ ಏನೋ ಒತ್ತಿದಳು. "ನೋಡಿ ಅಂಕಲ್, ಆಯ್ತು."

ನೋಡಿದೆ. ಬೆಳ್ಳಗೆ, ನುಣ್ಣಗೆ ಒಬ್ಬಳು ಹುಡುಗಿ ಕೂತಿದ್ದಾಳೆ.

"ಇವರು ಯಾರಮ್ಮ?"

"ಅಯ್ಯೋ, ನಿಮ್ಮ ಮಿಸೆಸ್ಸೇ ಅಂಕಲ್."

"ನನ್ನ ಮದುವೆ ದಿನಾನೂ ಇವಳು ಹಿಂಗಿರಲಿಲ್ಲ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಆ ಮುಖದಲ್ಲಿ ಹುಡುಕಿದೆ. ಕಣ್ಣಿನ ಕೆಳಗಿನ ಕಪ್ಪು ಇರಲಿಲ್ಲ. ಗಲ್ಲದ ಗೆರೆ ಇರಲಿಲ್ಲ. ಒಲೆ ಮುಂದೆ ಕೂತು ಬಂದ ಬಣ್ಣ ಇರಲಿಲ್ಲ. ಇದನ್ನ ಹಾಕಿದರೆ ಪೇಪರಿನಲ್ಲಿ ಬಂದದ್ದು ಅವಳು ಅಂತ ಆಗುವುದಿಲ್ಲ.

"ಕಪ್ಪು ಮಾಡಮ್ಮ" ಅಂದೆ.

"ಏನು ಅಂಕಲ್?"

"ಮೊದಲಿದ್ದ ಹಾಗೇ ಮಾಡು. ಕಪ್ಪಗೆ."

"ಸತ್ತವರ ಫೋಟೋ ತಂದವರೆಲ್ಲ ಬೆಳ್ಳಗೆ ಮಾಡಿ ಅಂತಾರೆ ಅಂಕಲ್. ಕಪ್ಪು ಮಾಡಿ ಅಂದವರು ನೀವೊಬ್ಬರೇ."

ಮತ್ತೆ ಒತ್ತಿದಳು. ಸ್ವಲ್ಪ ಕಪ್ಪಾಯಿತು. "ಸಾಕಾ?" "ಇನ್ನೂ ಸ್ವಲ್ಪ." "ಈಗ?" "ಗೆರೆ ಬರಲಿಲ್ಲ." ಗೆರೆ ತಂದಳು. "ಈಗ?" "ಕಣ್ಣಿನ ಕೆಳಗೆ." ಸರಿಯಾಗಿ ನಮ್ಮವಳು ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು.

ಆಮೇಲೆ ಪೇಜಿನಲ್ಲಿ ಎಲ್ಲಿ ಹಾಕೋದು ಅಂತ ಬಂತು. ಆ ಹೆಣ್ಣುಮಗಳು ನಡು ಮಧ್ಯೆ ಇಟ್ಟಳು. ಅಲ್ಲಿ ಬೇಡ ಅಂದೆ. ಪೇಪರ್ ಮಡಿಸುವುದು ಅಲ್ಲೇ. ಬೇರೆಯವರ ಮುಖದ ಮೇಲೆ ಮಡಿಕೆ ಬಿದ್ದರೆ ನಮ್ಮವಳು ಬೆರಳಿನಿಂದ ಉಜ್ಜಿ ಸರಿ ಮಾಡುತ್ತಿದ್ದಳು. ಅವಳ ಮುಖಕ್ಕೆ ಬೀಳಬಾರದು. ಮೇಲಿನ ಮೂಲೆಗೆ ಸರಿಸಿದಳು.

"ಕೆಳಗೆ ದುಃಖತಪ್ತರು ಅಂತ ಹಾಕ್ತೀವಲ್ಲ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಹೆಸರು ಹೇಳಿ."

"ನಾನು. ಅವಳ ತಂಗಿ."

"ಇಬ್ಬರೇನಾ? ಜಾಗ ಭಾಳ ಖಾಲಿ ಕಾಣುತ್ತೆ ಅಂಕಲ್."

ಅಷ್ಟರಲ್ಲಿ ಆ ನನ್ನ ತಮಿಳು ಜೊತೆಗಾರ ಬಾಗಿಲಿಂದ ಇಣುಕಿದ. ಈಗ ಅವನೇ ಅಲ್ಲಿ ಮಿಷನ್ ಓಡಿಸುವವನು. ಎಲ್ಲ ಕೇಳಿಸಿಕೊಂಡಿದ್ದ.

"ನನ್ನ ಹೆಸರು ಹಾಕಮ್ಮಾ" ಅಂದ. "ಅಕ್ಕ ನನಗೆ ಎಷ್ಟು ದಿನ ಊಟ ಹಾಕಿದಾರೆ. ಬೈಂಡಿಂಗಿನವರದ್ದೂ ಹಾಕು. ಡ್ರೈವರದ್ದೂ ಹಾಕು."

ಒಬ್ಬೊಬ್ಬರೇ ಬಂದು ಹೆಸರು ಹೇಳಿದರು. ಗೇಟಿನ ಕಾವಲಿನವನೂ ಬಂದ. ಅವನು ಕೆಲಸಕ್ಕೆ ಸೇರಿ ಒಂದು ತಿಂಗಳೂ ಆಗಿರಲಿಲ್ಲ.

"ನೀನು ಅಕ್ಕನ್ನ ನೋಡಿದೀಯೇನೋ?" ಅಂದ ನನ್ನ ಜೊತೆಗಾರ.

"ಇಲ್ಲ" ಅಂದ ಅವನು. "ಆದ್ರೆ ಪೇಪರಲ್ಲಿ ಹೆಸರು ಬರುತ್ತೆ ಅಂದ್ರೆ ನನಗೂ ದುಃಖ ಇದೆ."

ವೇಸ್ಟ್

ವರ್ಷದ ದಿನ ಬೆಳಿಗ್ಗೆ ಮನೆಯಲ್ಲಿ ಎಡೆ ಇಟ್ಟು ಕೈ ಮುಗಿದೆ. ಮಧ್ಯಾಹ್ನ ಪ್ರೆಸ್ಸಿಗೆ ಹೋದೆ. ಮಿಷನ್ ಶುರುವಾಗುವಾಗ ಅಲ್ಲೇ ಇರಬೇಕು ಅನ್ನಿಸಿತ್ತು.

ಕಲರ್ ಅಂದರೆ ಬೇರೆ ಬೇರೆ ಬಣ್ಣ ಒಂದರ ಮೇಲೊಂದು ಬೀಳುವುದು. ಸರಿಯಾಗಿ ಕೂತರೆ ಮನುಷ್ಯ. ಕೂರಲಿಲ್ಲ ಅಂದರೆ ಭೂತ. ಮೊದಲು ಬರುವ ಪೇಪರೆಲ್ಲ ಭೂತವೇ. ಬಣ್ಣ ಕೂರುವವರೆಗೂ ಅದು ವೇಸ್ಟ್. ಆ ವೇಸ್ಟನ್ನ ಪ್ರೆಸ್ಸಿನವರು ಮನೆಗೆ ಒಯ್ಯುತ್ತೇವೆ. ಹೊಸ ಮಿಷನ್ ತಾನೇ ಮಡಿಸುತ್ತೆ ಅಂತ ಆದ ಮೇಲೆ ನಮ್ಮವಳಿಗೆ ಪ್ರೆಸ್ಸಿನಲ್ಲಿ ಕೆಲಸ ಇರಲಿಲ್ಲ. ಮನೆಯಲ್ಲಿ ಕೂತು ನಾನು ತಂದ ವೇಸ್ಟನ್ನೇ ಓದುತ್ತಿದ್ದಳು. ಅವಳ ಪಾಲಿಗೆ ಮಂತ್ರಿಗಳಿಗೆಲ್ಲ ನಾಲ್ಕು ಕಣ್ಣು. ಒಂದು ಸಲ ತಂಗಿಯ ಮನೆಯಲ್ಲಿ ಸರಿಯಾದ ಪೇಪರ್ ನೋಡಿ, "ಇದೇನೇ, ಭದ್ರಾವತಿಗೆ ಬಣ್ಣ ಕಮ್ಮಿ ಹಾಕಿ ಕಳಿಸ್ತಾರಾ?" ಅಂದಿದ್ದಳು.

ಇನ್ನೊಂದು ಹೇಳಬೇಕು. ಅವಳ ಮೂಗಿನ ಒಂದು ಕಡೆ ಕೆಂಪು ಹರಳಿನ ಮೂಗುಬೊಟ್ಟು ಇತ್ತು. ಅವಳ ಅಮ್ಮನಿಗೆ ಎರಡೂ ಕಡೆ ಇತ್ತಂತೆ. ತನಗೂ ಎರಡು ಬೇಕು ಅಂತ ಆಸೆ. ಆದರೆ ಸೂಜಿ ಅಂದರೆ ಪ್ರಾಣ ಹೋಗುವಷ್ಟು ಹೆದರಿಕೆ. ತಂಗಿ ಹಟ ಮಾಡಿ ಭದ್ರಾವತಿಯಲ್ಲಿ ಅಕ್ಕಸಾಲಿಯ ಹತ್ತಿರ ಕರೆದುಕೊಂಡು ಹೋಗಿದ್ದಳು. ಅವನು ಸೂಜಿ ತೆಗೆದ. ನಮ್ಮವಳು, "ಒಂದ್ನಿಮಿಷ, ನೀರು ಕುಡಿದು ಬರ್ತೀನಿ" ಅಂತ ಎದ್ದಳು. ಶಿವಮೊಗ್ಗದ ಬಸ್ ಹತ್ತಿ ಮನೆಗೆ ಬಂದೇಬಿಟ್ಟಳು. ತಂಗಿ ಸಂಜೆವರೆಗೂ ಅಂಗಡಿಯಲ್ಲಿ ಕಾದಿದ್ದಳು. ಆ ಮೂಗಿನ ಇನ್ನೊಂದು ಕಡೆ ಖಾಲಿಯೇ ಉಳಿಯಿತು.

ಮಿಷನ್ ಶುರುವಾಯಿತು. ನನ್ನ ಜೊತೆಗಾರ ಮೊದಲ ಪೇಪರ್ ಎಳೆದು ನೋಡಿದ. ಅವನ ಮುಖ ಇಳಿಯಿತು.

"ಅಯ್ಯಯ್ಯೋ. ನೋಡ್ಬೇಡಣ್ಣಾ. ಅಕ್ಕನ ಮುಖದ ಮೇಲೇ ಬಣ್ಣ ಸರಿದು ಹೋಗಿದೆ."

"ಕೊಡು ಇಲ್ಲಿ."

"ಬೇಡಣ್ಣಾ. ವೇಸ್ಟು. ಸರಿ ಮಾಡ್ತೀನಿ ಇರು." ಅತ್ತ ಇತ್ತ ಬಟನ್ ಒತ್ತಿದ. ಪೇಪರ್ ಹರಿದು ಹೋಗುತ್ತಲೇ ಇತ್ತು. ನಾನು ವೇಸ್ಟಿನಿಂದ ಒಂದು ಎತ್ತಿಕೊಂಡೆ. ನೋಡಿದೆ. ಮಡಚಿ ಚೀಲದಲ್ಲಿ ಇಟ್ಟೆ.

ಸ್ವಲ್ಪ ಹೊತ್ತಿಗೆ ಬಣ್ಣ ಕೂತಿತು. ಅವನು ಒಂದು ಪೇಪರ್ ತೆಗೆದು ಎರಡೂ ಕೈಯಲ್ಲಿ ನನಗೆ ಕೊಟ್ಟ. ಮೇಲಿನ ಮೂಲೆ. ಅವಳೇ. ಕಪ್ಪು ಮುಖ, ಗಲ್ಲದ ಗೆರೆ, ಅಗಲ ಕುಂಕುಮ. ಮಡಿಕೆ ಬಿದ್ದಿರಲಿಲ್ಲ. ನನಗೆ ಮುಂದಿನದು ಕಾಣಲಿಲ್ಲ. ಮಿಷನ್ ಸದ್ದಿನಲ್ಲಿ ಅತ್ತರೆ ಯಾರಿಗೂ ಕೇಳಿಸುವುದಿಲ್ಲ. ಅದೊಂದು ಒಳ್ಳೇದು.

ಅಲ್ಲಿಂದ ಸೀದಾ ನ್ಯೂ ಟೌನಿಗೆ ಹೋದೆ. ತಂಗಿ ಬಾಗಿಲಲ್ಲೇ ಕಾಯುತ್ತಿದ್ದಳು. ಪೇಪರ್ ಕೊಟ್ಟೆ. ನಿಂತಲ್ಲೇ ಬಿಡಿಸಿ ನೋಡಿದಳು. "ಭಾವ, ಅಕ್ಕ ಬಂದ್ಲು" ಅಂತ ಹೊಸಿಲ ಮೇಲೆ ಕೂತುಬಿಟ್ಟಳು. ಅಳು ನಿಲ್ಲಲಿಲ್ಲ. ಭಾವನೂ ನಾದಿನಿಯೂ ಬೀದಿಗೆ ಕಾಣುವ ಹಾಗೆ ಅತ್ತೆವು. ಪಕ್ಕದ ಮನೆಯವರು ನೀರು ತಂದುಕೊಟ್ಟರು.

ಆಮೇಲೆ ಚೀಲದಿಂದ ಇನ್ನೊಂದು ತೆಗೆದೆ. "ಇದು ವೇಸ್ಟು. ನೋಡು" ಅಂದೆ.

ಅವಳು ಕಣ್ಣು ಒರೆಸಿಕೊಂಡು ನೋಡಿದಳು. ಬಣ್ಣ ಸರಿದು ಮೂಗುಬೊಟ್ಟಿನ ಕಪ್ಪು ಒಂದು ಕಡೆ ಬಿದ್ದಿತ್ತು, ಕೆಂಪು ಇನ್ನೊಂದು ಕಡೆ. ಮೂಗಿನ ಎರಡೂ ಪಕ್ಕ ಒಂದೊಂದು. ಅಳತೆ ತೆಗೆದು ಕೂರಿಸಿದ ಹಾಗೆ.

ತಂಗಿಯ ಬಾಯಿ ತೆರೆದುಕೊಂಡಿತು. ಮೊದಲು ಭುಜ ಅಲ್ಲಾಡಿತು. ಮತ್ತೆ ಅಳುತ್ತಿದ್ದಾಳೆ ಅಂದುಕೊಂಡೆ. ಅಲ್ಲ, ನಗು. ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಒಂದು ವರ್ಷದ ಮೇಲೆ ನನಗೂ ನಗು ಬಂತು.

ಅವಳು ಆ ಎರಡನೇ ಮೂಗುಬೊಟ್ಟಿನ ಮೇಲೆ ಬೆರಳಿಟ್ಟು ಫೋಟೋನೇ ಕೇಳಿದಳು:

"ಅಕ್ಕಾ, ನೋವಾಗ್ಲಿಲ್ಲ ತಾನೇ? ಇಷ್ಟಕ್ಕೆ ಹೆದರಿ ಬಸ್ಸು ಹತ್ತಿದ್ಯೇನೇ ಮಾರಾಯ್ತಿ!"